ಗೋಡೆಯೊಳಗಿನ ಗೆದ್ದಲು ಯಾರದ್ದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಕಂದಾಯ ಉಪವಿಭಾಗ. ಶಿಕ್ಷಣ ಇಲಾಖೆಗೂ ಇದೇ ನಾಲ್ಕು ತಾಲ್ಲೂಕು ಒಂದು ಶೈಕ್ಷಣಿಕ ಜಿಲ್ಲೆ. ಈ ಊರುಗಳ ಬಾಡಿಗೆ ಮನೆಗಳಿಗೆ ಮೇಷ್ಟ್ರು, ನರ್ಸು, ಗುಮಾಸ್ತರು, ತಿರುಮಣಿ ಕಡೆಯ ಸೋಲಾರ್ ಪಾರ್ಕಿನ ಕೆಲಸಗಾರರು ಬಂದು ಹೋಗುತ್ತಲೇ ಇರುತ್ತಾರೆ. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಕೋರ್ಟಿನ ನೌಕರಿಯಿಂದ ನಿವೃತ್ತರಾಗಿ, ಮಧುಗಿರಿಯಲ್ಲಿ ಮನೆ ಕಟ್ಟಿಸಿ, ಹಿಂದಿನ ಪೋರ್ಷನ್ ಬಾಡಿಗೆಗೆ ಕೊಟ್ಟಿರುವ ಹಿರಿಯರು. ಇನ್ನೊಬ್ಬಳು ಪಾವಗಡದ ಹಳೇ ಮನೆಯೊಂದರಲ್ಲಿ ಬಾಡಿಗೆಗಿರುವ ಹೈಸ್ಕೂಲ್ ಟೀಚರ್. ಅವಳ ಮನೆ ಮಾಲೀಕರು ಊರಲ್ಲಿಲ್ಲ, ಫೋನಿಗೆ ಸಿಗುತ್ತಾರೆ.

ಟೀಚರ್: ಯಾವಾಗ ಫೋನ್ ಮಾಡಿದ್ರೂ ‘ನೋಡೋಣ ಬಿಡಮ್ಮ’ ಅಂತಾರೆ ಸರ್. ಅಡುಗೆಮನೆ ಪಕ್ಕದ ಕೋಣೆಗೆ ಅವರದೇ ಬೀಗ. ಒಳಗೆ ಕಡಲೆಕಾಯಿ ಮೂಟೆ, ರೇಟು ಬರಲಿ ಅಂತ ಇಟ್ಟಿದ್ದಾರೆ. ಎರಡು ಕೋಣೆಗೂ ಒಂದೇ ತೊಲೆ. ಅದು ಗೋಡೆ ದಾಟೋ ಕಡೆ ಅಂಗೈಯಗಲ ಕಿಂಡಿ ಇದೆ. ರಾತ್ರಿ ಅಲ್ಲಿಂದ ಇಲಿ ಇಳಿಯುತ್ತೆ. ಬೆಳಿಗ್ಗೆ ಎದ್ದರೆ ಒಲೆಕಟ್ಟೆ ತುಂಬ ಕಡಲೆ ಸಿಪ್ಪೆ, ಹಿಕ್ಕೆ. ಸಾಲದ್ದಕ್ಕೆ ಮಲಗೋ ಕೋಣೆ ಬಾಗಿಲಿಗೆ ಗೆದ್ದಲು.

ಹಿರಿಯರು: ಗೆದ್ದಲು ನೀವು ಬಂದ ಮೇಲೆ ಹತ್ತಿದ್ದೋ, ಮೊದಲೇ ಇತ್ತೋ?

ಟೀಚರ್: ಮನೆ ನೋಡೋಕೆ ಹೋದಾಗ ಚೌಕಟ್ಟಿಗೆ ಹೊಸ ಪೇಂಟಿತ್ತು, ಮಿರಮಿರ ಅಂತಿತ್ತು. ಒಂದಿನ ಕಸ ಗುಡಿಸುವಾಗ ಪೊರಕೆ ತಗುಲಿ ಪೇಂಟು ಚಕ್ಕೆ ಎದ್ದಿತು. ಕೆಳಗೆ ಮರವೇ ಇಲ್ಲ. ಬೆರಳು ಒತ್ತಿದ್ರೆ ಮಣ್ಣು ಉದುರುತ್ತೆ, ಅದರೊಳಗೆ ಬೆಳ್ಳಗೆ ಹರಿದಾಡ್ತಾ ಇದ್ದವು. ನೆಲದಿಂದ ಮೊಣಕಾಲೆತ್ತರದವರೆಗೂ ಪೊಳ್ಳು. ಅಷ್ಟು ತಿನ್ನೋಕೆ ವರ್ಷಗಳೇ ಬೇಕಲ್ವಾ?

ಹಿರಿಯರು: ಬೇಕು. ಆ ಪೇಂಟಿನ ಚಕ್ಕೆ ಬಿಸಾಕಬೇಡಿ, ಫೋಟೊನೂ ಇಟ್ಟುಕೊಳ್ಳಿ. ಸರಿ, ಬಾಡಿಗೆ ಕರಾರಿನಲ್ಲಿ ಏನು ಬರೆದಿದೆ?

ಟೀಚರ್: ಹನ್ನೊಂದು ತಿಂಗಳ ಕರಾರು. ಮನೆಯನ್ನ ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು ಅಂತ ನನ್ನ ಮೇಲೆ ಇದೆ. ಅವರು ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ.

ಹಿರಿಯರು: ಎಲ್ಲ ಕಡೆನೂ ಅದೇ ನಮೂನೆ ಟೈಪ್ ಮಾಡ್ತಾರೆ. ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಬೇಕು ಅಂತ ಇರೋದ್ರಿಂದ ಹನ್ನೊಂದು ತಿಂಗಳಿಗೆ ನಿಲ್ಲಿಸ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ರಿಪೇರಿ ಯಾರದ್ದು ಅಂತ ಬರೆಯದೇ ಬಿಟ್ಟರೆ ನೋಡಿ, ಕಾನೂನು ಅರ್ಧ ದಾರಿಯಲ್ಲೇ ನಿಂತುಬಿಡುತ್ತೆ.

ಟೀಚರ್: ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ ಸರ್?

ಹಿರಿಯರು: ಇದೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಆದರೆ ಅದು ಎಲ್ಲ ಮನೆಗೂ ಹತ್ತಲ್ಲ. ಮೊದಲನೇ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ ಮಾತ್ರ, ಅಲ್ಲೂ ಬಾಡಿಗೆಗೆ ಮಿತಿ ಇದೆ. ದೊಡ್ಡ ಊರುಗಳ ಪಟ್ಟಿಗೆ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ. ಅದಕ್ಕೆ ಮೇಲಾದರೆ ಆ ಕಾಯ್ದೆ ನಿಮ್ಮ ಮನೆ ಬಾಗಿಲಿಗೆ ಬರಲ್ಲ. 2,000ಕ್ಕೆ ಪಾವಗಡದಲ್ಲಿ ಈಗ ಮನೆ ಎಲ್ಲಿದೆ? ಹಾಗಾಗಿ ನಿಮ್ಮಂಥವರಿಗೆ ಉಳಿಯೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮು.

ಟೀಚರ್: ಅದನ್ನ ಓದಿಕೊಂಡೇ ಬಂದಿದ್ದೀನಿ. ಮಾಲೀಕರು ಮಾಡಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನ ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡ್ಕೋಬಹುದು. ಇನ್ನೇನು ಬೇಕು?

ಹಿರಿಯರು: ನಿಧಾನ. ‘ಮಾಡಬೇಕಾದ ರಿಪೇರಿ’ ಅಂತ ಇದೆ. ಮಾಡಬೇಕು ಅಂತ ಹೇಳೋರು ಯಾರು? ಆ ಕಲಮಲ್ಲ. ಕಲಮು ಶುರುವಾಗೋದೇ ಕರಾರು ಅಥವಾ ಸ್ಥಳೀಯ ರೂಢಿ ಬೇರೆ ಹೇಳದಿದ್ದರೆ ಅಂತ. ಹೊಣೆ ಹುಟ್ಟೋದು ಕರಾರಿನಿಂದ, ಇಲ್ಲ ರೂಢಿಯಿಂದ. ನಿಮ್ಮ ಕರಾರಿನಲ್ಲಿ ಇಲ್ಲ. ರೂಢಿ ಅಂದ್ರೆ, ಈ ನಾಲ್ಕು ತಾಲ್ಲೂಕಿನಲ್ಲಿ ಸೂರು, ಗೋಡೆ, ಬಾಗಿಲು ಮಾಲೀಕರದ್ದು. ಜಿರಲೆ, ಸೊಳ್ಳೆ ಇರೋರದ್ದು. ನಾನೂ ಅದೇ ಲೆಕ್ಕದಲ್ಲಿ ಕೊಟ್ಟಿದ್ದೀನಿ.

ಟೀಚರ್: ಹಾಗಾದ್ರೆ ಬಾಗಿಲ ಚೌಕಟ್ಟು ನೀವು ಹೇಳಿದ ಲೆಕ್ಕದಲ್ಲೇ ಅವರದ್ದಾಯ್ತು.

ಹಿರಿಯರು: ಚೌಕಟ್ಟು ಅವರದ್ದು, ಒಪ್ಪಿದೆ. ಇಲಿ?

ಟೀಚರ್: ಇಲಿ ಬರ್ತಿರೋದು ಅವರ ಬೀಗದ ಹಿಂದಿನಿಂದ. ನನ್ನ ಅಡುಗೆಮನೆಯಲ್ಲಿ ಅನ್ನದ ಅಗುಳು ಬಿಟ್ಟಿದ್ದರೆ ನನ್ನ ತಪ್ಪು. ನಾನು ಡಬ್ಬದ ಮುಚ್ಚಳ ತೆಗೆಯೋದೇ ಅಡುಗೆ ಮಾಡುವಾಗ. ಹುಳ ಎಲ್ಲಿ ಮನೆ ಮಾಡಿದೆ ಅಂತ ನೋಡಬೇಕು ಸರ್, ಎಲ್ಲಿ ಓಡಾಡುತ್ತೆ ಅಂತಲ್ಲ. ಗೂಡು ಗೋಡೆಯಲ್ಲಿ, ಅಡಿಪಾಯದಲ್ಲಿ, ಅವರ ಮೂಟೆಯಲ್ಲಿ ಇದ್ರೆ ಅವರ ಹೊಣೆ. ನನ್ನ ಹಾಸಿಗೆಯಲ್ಲಿ ಇದ್ರೆ ನನ್ನದು.

ಹಿರಿಯರು: ಮಾತು ಚೆನ್ನಾಗಿದೆ. ತಿಗಣೆಗೆ ಹೇಗೆ ಹೇಳ್ತೀರಿ? ಹಾಸ್ಟೆಲಿನಿಂದ ತಂದ ಟ್ರಂಕಿನಲ್ಲಿ ಬರುತ್ತೆ, ಆಮೇಲೆ ಗೋಡೆ ಬಿರುಕಿನಲ್ಲಿ ಸೇರಿಕೊಳ್ಳುತ್ತೆ. ಗೂಡು ಗೋಡೆಯಲ್ಲಿದೆ, ತಂದವರು ಬಾಡಿಗೆದಾರರು. ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಆಗಿದ್ದೇ ಅದು. ಖಾಲಿ ಮಾಡಿ ಹೋದ ಮೇಲೆ ಗೋಡೆಯನ್ನೆಲ್ಲ ಕೆರೆಸಿ ಬಣ್ಣ ಹೊಡೆಸಿದ್ದು ನಾನು. ಅದೇ 108ರಲ್ಲಿ ಇನ್ನೊಂದು ಮಾತಿದೆ, ಅದನ್ನ ಬಾಡಿಗೆದಾರರು ಓದಲ್ಲ. ಪಡೆದಾಗ ಹೇಗಿತ್ತೋ ಹಾಗೇ ಹಿಂತಿರುಗಿಸಬೇಕು, ಸಹಜ ಸವೆತ ಬಿಟ್ಟು. ನಿಮ್ಮಿಂದಲೇ ಆದ ದೋಷವಾದರೆ ನೋಟಿಸ್ ಬಂದ ಮೂರು ತಿಂಗಳೊಳಗೆ ನೀವೇ ಸರಿಪಡಿಸಬೇಕು.

ಟೀಚರ್: ಅದಕ್ಕೇ ಮನೆ ಹಿಡಿದ ದಿನವೇ ಫೋಟೊ ತೆಗೆದು ಇಬ್ಬರೂ ಸಹಿ ಹಾಕಬೇಕಿತ್ತು. ನಾನು ಮಾಡಲಿಲ್ಲ, ಯಾರೂ ಮಾಡಲ್ಲ. ಆದರೆ ಪೇಂಟ್ ಕೆಳಗೆ ಮುಚ್ಚಿಟ್ಟ ಗೆದ್ದಲಿಗೆ ಅದೇ ಕಲಮಿನ ಮೊದಲ ಮಾತು ಹತ್ತುತ್ತೆ. ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರರಿಗೆ ಕಾಣದ, ಮಾಲೀಕರಿಗೆ ಗೊತ್ತಿರೋ ದೊಡ್ಡ ದೋಷ ಇದ್ರೆ ಅದನ್ನ ಅವರು ಮೊದಲೇ ಹೇಳಬೇಕು.

ಹಿರಿಯರು: ‘ಗೊತ್ತಿರೋ’ ಅಂತ ನೀವೇ ಹೇಳಿದ್ರಿ. ಗೊತ್ತಿತ್ತು ಅಂತ ಸಾಬೀತು ಮಾಡೋದು ನಿಮ್ಮ ಪಾಲಿಗೆ. ಪೇಂಟರ್ ಬಂದ, ಬಳಿದ, ಹೋದ ಅಂತಾರೆ.

ಟೀಚರ್: ಪೊಳ್ಳು ಮರದ ಮೇಲೆ ಬ್ರಷ್ ಆಡಿಸಿದವನಿಗೆ ಗೊತ್ತಾಗದೇ ಇರುತ್ತಾ?

ಹಿರಿಯರು: ಪೇಂಟರಿಗೆ ಗೊತ್ತಾಗುತ್ತೆ. ಮಾಲೀಕರಿಗೆ ಹೇಳಿದ ಅಂತ ಕೋರ್ಟಿಗೆ ಬಂದು ನುಡೀತಾನಾ?

(ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿರಿಯರೇ ಮುಂದುವರಿಸಿದರು.)

ಹಿರಿಯರು: ಗೆದ್ದಲಿನ ಕೆಲಸ ಸಣ್ಣದಲ್ಲ ಅನ್ನೋದೂ ಗೊತ್ತಿರಲಿ. ಕಟ್ಟುವಾಗಲೇ ಮಣ್ಣಿಗೆ ಔಷಧಿ ಹಾಕಬೇಕು. ಅದಕ್ಕೆ ಭಾರತೀಯ ಮಾನಕ ಇದೆ, ಐಎಸ್ 6313. ಹಳೇ ಕಟ್ಟಡಕ್ಕೂ ಅದರಲ್ಲೇ ಬೇರೆ ಭಾಗ ಇದೆ. ಗೋಡೆ ಬುಡದುದ್ದಕ್ಕೂ ತೂತು ಕೊರೆದು ಔಷಧಿ ಇಳಿಸಿ ಮತ್ತೆ ಮುಚ್ಚಬೇಕು. ಬಾಡಿಗೆದಾರರು ತಾವಾಗೇ ಗೋಡೆ ಕೊರೆಯೋ ಹಾಗಿಲ್ಲ. ಕಟ್ಟಡಕ್ಕೆ ಶಾಶ್ವತ ಹಾನಿ ಮಾಡಬಾರದು ಅಂತ ನಿಮ್ಮ ಮೇಲೆ ನಿರ್ಬಂಧ ಇದೆ. ನೀವೇ ಮಾಡಿಸಿ ಬಾಡಿಗೆಯಲ್ಲಿ ಹಿಡೀತೀನಿ ಅಂದ್ರೆ ಈ ಕಡೆಯಿಂದ ಸಿಕ್ಕಿಕೊಳ್ತೀರಿ.

ಟೀಚರ್: ಅಂದ್ರೆ ಮಾಲೀಕರು ಮಾಡಲ್ಲ, ನಾನು ಮಾಡಬಾರದು, ಗೆದ್ದಲು ಮಾತ್ರ ತನ್ನ ಕೆಲಸ ಮಾಡ್ತಾ ಇರಬೇಕು.

ಹಿರಿಯರು: ಒಪ್ಪಿಗೆ ಕೇಳಿ ಪತ್ರ ಬರೀರಿ ಅಂತಿದ್ದೀನಿ. ನೀವು ಮಾಡಿಸಿ, ಇಲ್ಲ ನಾನು ಮಾಡಿಸೋಕೆ ಒಪ್ಪಿಗೆ ಕೊಡಿ, ಖರ್ಚು ಇಷ್ಟು, ಕೊಟೇಶನ್ ಲಗತ್ತಿಸಿದೆ ಅಂತ. ಅದಕ್ಕೂ ಉತ್ತರ ಬರದಿದ್ರೆ ಕೋರ್ಟಿನಲ್ಲಿ ನೀವು ಹೇಳೋದಕ್ಕೆ ತೂಕ ಬರುತ್ತೆ.

ಟೀಚರ್: ಬಾಡಿಗೆ ನಿಲ್ಲಿಸಿಬಿಡಿ, ತಾನಾಗೇ ಓಡಿ ಬರ್ತಾರೆ ಅಂತ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೇಳ್ತಾರೆ.

ಹಿರಿಯರು: ಅದೊಂದು ಕೆಲಸ ಮಾಡಬೇಡಿ. ಇಲಿ ವಿಷಯಕ್ಕೆ ಶುರುವಾದ ಜಗಳ ಬಾಡಿಗೆ ಬಾಕಿ ಜಗಳ ಆಗಿಬಿಡುತ್ತೆ, ಅಲ್ಲಿ ನೀವು ಪ್ರತಿವಾದಿ. ಬಾಡಿಗೆ ಕಾಯ್ದೆ ಹತ್ತೋ ಮನೆಯಲ್ಲೂ ನೋಟಿಸ್ ಬಂದು ಎರಡು ತಿಂಗಳಲ್ಲಿ ಬಾಕಿ ಕಟ್ಟದಿದ್ರೆ ಅದೇ ಬಿಡಿಸೋಕೆ ಕಾರಣ. ಹತ್ತದ ಮನೆಯಲ್ಲಿ ತಿಂಗಳ ಬಾಡಿಗೆದಾರರನ್ನ, ಕರಾರು ಬೇರೆ ಹೇಳದಿದ್ರೆ, 15 ದಿನದ ನೋಟಿಸಿಗೆ ಬಿಡಿಸೋ ಕ್ರಮ ಶುರು ಮಾಡಬಹುದು. ತಪ್ಪದೇ ಬ್ಯಾಂಕಿನ ಮೂಲಕ ಕಟ್ಟಿ. ಕಟ್ಟಿದವರ ದೂರಿಗೆ ಇರೋ ಬಲ ಬಾಕಿ ಇಟ್ಟವರ ದೂರಿಗೆ ಇರಲ್ಲ.

ಟೀಚರ್: ಬಾಡಿಗೆ ಇರೋರಿಗೆ ಆಯ್ತು. ಭೋಗ್ಯಕ್ಕೆ ಹಾಕಿಕೊಂಡೋರು ಏನು ಮಾಡಬೇಕು? ನಮ್ಮ ಬೀದಿಯಲ್ಲೇ ಇದ್ದಾರೆ. ಇದ್ದಬದ್ದ ದುಡ್ಡೆಲ್ಲ ಒಟ್ಟಿಗೆ ಮಾಲೀಕರ ಕೈಗೆ ಕೊಟ್ಟಿದ್ದಾರೆ, ತಿಂಗಳ ಬಾಡಿಗೆನೇ ಇಲ್ಲ. ಯಾವುದರಲ್ಲಿ ಹಿಡ್ಕೊಳ್ಳೋದು? ಹಾವು ಬಂದ್ರೂ ಬಿಟ್ಟು ಹೋಗೋ ಹಾಗಿಲ್ಲ. ಆ ದುಡ್ಡು ಮಾಲೀಕರ ಮಗಳ ಮದುವೆಗೋ ಬೋರ್‌ವೆಲ್ಲಿಗೋ ಹೋಗಿರುತ್ತೆ.

ಹಿರಿಯರು: ಬಾಡಿಗೆಯಲ್ಲಿ ಹಿಡಿಯೋದು, ಇಲ್ಲವೇ ಬೇರೆ ರೀತಿ ವಸೂಲು ಮಾಡೋದು ಅಂತ ಕಾನೂನು ಎರಡನ್ನೂ ಹೇಳುತ್ತೆ. ಎರಡನೇದು ಅಂದ್ರೆ ದಾವೆ. ಹೌದಮ್ಮ, ಭೋಗ್ಯದವರ ಸ್ಥಿತಿ ಎಲ್ಲರಿಗಿಂತ ಕಷ್ಟ. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ಟೀಚರ್: ಊರಾಡಳಿತಕ್ಕೆ ದೂರು ಕೊಟ್ಟರೆ?

ಹಿರಿಯರು: ಕೊಡಬಹುದು. ಶಿರಾದಲ್ಲಿ ನಗರಸಭೆ, ಮಧುಗಿರಿ, ಪಾವಗಡದಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ. ಎಲ್ಲಕ್ಕೂ 1964ರ ಪುರಸಭೆಗಳ ಅಧಿನಿಯಮ. ಹೊಲಸಾಗಿ, ಆರೋಗ್ಯಕ್ಕೆ ಕೇಡಾಗೋ ಸ್ಥಿತಿಯಲ್ಲಿರೋ ಕಟ್ಟಡಕ್ಕೆ ನೋಟಿಸ್ ಕೊಡೋ ಅಧಿಕಾರ ಅಲ್ಲಿದೆ. ಆದರೆ ಅದು ಮಾಲೀಕರಿಗೆ ಅಥವಾ ವಾಸವಿರೋರಿಗೆ. ವಾಸವಿರೋರು ನೀವು. ಹೆಲ್ತ್ ಇನ್‌ಸ್ಪೆಕ್ಟರ್ ಬಂದಾಗ ಕಣ್ಣೆದುರು ಸಿಗೋದೂ ನೀವೇ. 2024ರಲ್ಲಿ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ ಸೊಳ್ಳೆ ಮರಿ ಸಿಕ್ಕ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ಮಾಡಿದರಲ್ಲ, ಅಲ್ಲೂ ಮಾಲೀಕರು ಅಥವಾ ಅನುಭೋಗದಾರರು ಅಂತಲೇ ಇರೋದು.

ಟೀಚರ್: ಹಾಗಾದ್ರೆ ದೂರಿನಲ್ಲೇ ಬರೀತೀನಿ. ಕೋಣೆಗೆ ಬೀಗ ಅವರದ್ದು, ಕೀಲಿ ನನ್ನ ಹತ್ತಿರ ಇಲ್ಲ, ಮೂಟೆ ಅವರದ್ದು ಅಂತ. ಆ ಮೂಟೆಯಿಂದ ಬೀದಿಯ ಉಳಿದ ಮನೆಗಳಿಗೂ ಇಲಿ ಹೋಗ್ತಿದೆ. ನೆರೆಯವರು ಸಹಿ ಹಾಕಿದ್ರೆ ಇಲ್ಲೇ ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಗಳಿಗೂ ಅರ್ಜಿ ಕೊಡಬಹುದಲ್ವಾ?

ಹಿರಿಯರು: ಅದನ್ನೂ ಓದಿದ್ದೀರಿ! ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152, ಹಿಂದಿನ ದಂಡ ಪ್ರಕ್ರಿಯೆ ಸಂಹಿತೆಯ 133. ಜನರ ಆರೋಗ್ಯಕ್ಕೆ, ನೆಮ್ಮದಿಗೆ ಕೇಡಾಗೋ ಹಾಗೆ ಸರಕು ಇಟ್ಟಿದ್ದರೆ ತೆಗೆಸೋ ಆದೇಶ ಮಾಡಬಹುದು. ಆದರೆ ಅದು ಸಾರ್ವಜನಿಕ ಉಪದ್ರವಕ್ಕೆ. ಒಂದು ಮನೆ ಇಲಿಗಲ್ಲ, ಬೀದಿಗೆ ಬೀದಿ ಹೇಳಬೇಕು. ಒಂದು ಕೇಳ್ತೀನಿ. ಪಾವಗಡದಲ್ಲಿ ಕಡಲೆಕಾಯಿ ಮೂಟೆ ಇಲ್ಲದ ಮನೆ ಎಷ್ಟಿವೆ? ಮಳೆ ಕೈಕೊಟ್ಟ ವರ್ಷಗಳೇ ಜಾಸ್ತಿ. ಬೆಳೆದದ್ದನ್ನ ಕೊಯ್ದ ತಕ್ಷಣ ಮಾರಿದರೆ ಸಾಲವೂ ತೀರಲ್ಲ. ಆ ಮೂಟೆ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ತರ್ತೀರಾ?

ಟೀಚರ್: ಮೂಟೆ ಇಡಬೇಡಿ ಅಂತ ನಾನು ಹೇಳಲ್ಲ. ನೆಲದ ಮೇಲೆ ಹಾಗೇ ಒಟ್ಟದೇ ಹಲಗೆ ಮೇಲೆ, ಗೋಡೆಯಿಂದ ದೂರ ಇಟ್ಟು, ಕಿಂಡಿಗೆ ತಗಡು ಹೊಡೆದು ಸಿಮೆಂಟ್ ಹಾಕಿದ್ರೆ ಇಲಿ ಮುಕ್ಕಾಲು ಕಮ್ಮಿ ಆಗುತ್ತೆ. ಅವರ ಕಡಲೆಕಾಯಿನೂ ಉಳಿಯುತ್ತೆ. ಇಲಿ ಉಚ್ಚೆ ಬಿದ್ದ ನೀರಿನಿಂದ ಇಲಿ ಜ್ವರ ಬರುತ್ತೆ ಅಂತ ನಾನು ಕ್ಲಾಸಿನಲ್ಲಿ ಪಾಠ ಮಾಡ್ತೀನಿ ಸರ್. ಮನೆಗೆ ಬಂದು ಅದೇ ಕಟ್ಟೆ ಒರೆಸಿ ಅಡುಗೆ ಮಾಡ್ತೀನಿ.

ಹಿರಿಯರು: ನಮ್ಮಜ್ಜಿ ಪ್ಲೇಗಿನ ಕಾಲ ಹೇಳೋಳು. 1898ರಲ್ಲಿ ಮೈಸೂರು ಸೀಮೆಗೆ ಬಂದದ್ದು, ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳೋರಂತೆ. ಆಗ ಯಾರೂ ಯಾರ ಹೊಣೆ ಅಂತ ಕೇಳಲಿಲ್ಲ.

ಟೀಚರ್: ಹೊಲ ಇದ್ದೋರು ಹೊಲಕ್ಕೆ ಹೋದರು. ಇಲ್ಲದವರು?

ಹಿರಿಯರು: ಅದನ್ನ ಅಜ್ಜಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಟೀಚರ್: ಈಗಲೂ ಅಷ್ಟೇ. ನನಗೆ ಸಂಬಳ ಇದೆ, ಬೇರೆ ಮನೆ ಹುಡುಕಬಲ್ಲೆ. ಸೋಲಾರ್ ಪಾರ್ಕಿನ ಕೆಲಸಕ್ಕೆ ಬಂದ ಹುಡುಗರು ಒಂದು ರೂಮಿನಲ್ಲಿ ಗುಂಪಾಗಿ ಮಲಗ್ತಾರೆ, ಕರಾರೇ ಇಲ್ಲ. ದಲಿತರ ಮನೆಯವರಿಗೆ ಕೀಲಿ ಕೊಡೋ ಮೊದಲು ಯಾವ ಜನ ಅಂತ ಕೇಳ್ತಾರೆ. ಕಷ್ಟಪಟ್ಟು ಸಿಕ್ಕ ಮನೆಯಲ್ಲಿ ಚೇಳು ಬಿದ್ದರೂ ಅವರು ಬಾಯಿ ಬಿಡಲ್ಲ. ನಾನೂ ಸುಮ್ಮನಿದ್ರೆ, ಸುಮ್ಮನಿರೋದೇ ಇಲ್ಲಿಯ ರೂಢಿ ಅಂತಾಗಲ್ವಾ? ಕಾನೂನು ರೂಢಿಗೂ ಜಾಗ ಕೊಟ್ಟಿದೆ ಅಂತ ನೀವೇ ಹೇಳಿದ್ರಿ.

ಹಿರಿಯರು: ಅದಕ್ಕೆ ನಾನು ಎದುರು ಮಾತಾಡಲ್ಲ. ಆದರೆ ಮಾಲೀಕರನ್ನೆಲ್ಲ ಒಂದೇ ತೂಕಕ್ಕೆ ಹಾಕಬೇಡಿ. ಗಂಡ ಸತ್ತು, ಮುಂದಿನ ಪೋರ್ಷನ್ನಿನ ಬಾಡಿಗೆಯಲ್ಲೇ ಊಟ ಮಾಡೋ ಹೆಂಗಸರನ್ನ ಈ ಊರಲ್ಲಿ ತೋರಿಸ್ತೀನಿ. ಮನೆ ಪೂರ್ತಿ ಗೆದ್ದಲಿಗೆ ಕೊರೆಸಬೇಕು ಅಂದ್ರೆ ಅವರಿಗೆ ಎಷ್ಟೋ ತಿಂಗಳ ಊಟ ಅದು. ವಕೀಲರ ನೋಟಿಸ್ ಕಂಡರೆ ಅವರಿಗೆ ಜ್ವರ ಬರುತ್ತೆ. ಚಿಕ್ಕ ಊರಲ್ಲಿ ‘ನೋಟಿಸ್ ಟೀಚರ್’ ಅಂತ ಹೆಸರು ಬಿದ್ದರೆ ನಿಮಗೂ ಮುಂದಿನ ಮನೆ ಸಿಗಲ್ಲ.

ಟೀಚರ್: ಬರವಣಿಗೆ ಅಂದ್ರೆ ಹಗೆತನ ಅಂತ ಯಾಕೆ ಅಂದುಕೊಳ್ಳಬೇಕು? ತಿರುಮಣಿ ಸುತ್ತಿನ ರೈತರು ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, 28 ವರ್ಷ. ಒಂದೊಂದೂ ಕಾಗದದ ಮೇಲಿದೆ. ಭೂಮಿ ಕೊಡುವಾಗ ಕಾಗದ ಬೇಕು, ಮನೆ ಕೊಡುವಾಗ ಬಾಯಿಮಾತು ಸಾಕಾ?

ಹಿರಿಯರು: ಆ ಕಡೆ ಸರ್ಕಾರದ ಕಂಪನಿ ಇತ್ತು, ಅದಕ್ಕೆ ಕಾಗದ. ಈ ಕಡೆ ಇಬ್ಬರೂ ಸಣ್ಣವರೇ.

ಟೀಚರ್: ಸಣ್ಣವರಿಗೇ ಕಾಗದ ಜಾಸ್ತಿ ಬೇಕು.

ಹಿರಿಯರು: ಹಾಗಾದ್ರೆ ವಕೀಲರ ನೋಟಿಸಿಗಿಂತ ಮೊದಲು ಒಂದು ಕೆಲಸ ಮಾಡಿ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೇ ಉಚಿತ ನೆರವು. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ದಾವೆ ಹಾಕೋ ಮೊದಲೇ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಕೂರಿಸ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲ, ಮೇಲ್ಮನವಿ ಇಲ್ಲ.

ಟೀಚರ್: ಕರೆದರೆ ಅವರು ಬರಲೇಬೇಕಾ?

ಹಿರಿಯರು: ಬಂದೇ ಬರಬೇಕು ಅಂತ ಕೈ ಹಿಡಿದು ಎಳೆಯಲ್ಲ. ಬರದಿದ್ರೆ ದಾವೆ. ದಾವೆ ಮುಗಿಯೋ ಹೊತ್ತಿಗೆ ನಿಮಗೆ ವರ್ಗಾವಣೆ ಆಗಿರುತ್ತೆ, ಅದು ನಾನು ಕಂಡಿರೋ ಸತ್ಯ.

ಟೀಚರ್: 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಾದರೂ ಇದನ್ನ ಬಿಡಿಸಿ ಹೇಳಿದೆಯಾ ಅಂತ ನೋಡಿದೆ. ಅದರ ಪಟ್ಟಿಯಲ್ಲಿ ಗೋಡೆಗೆ ಸುಣ್ಣಬಣ್ಣ, ಪೈಪು, ವೈರಿಂಗು, ಕಟ್ಟಡದ ರಿಪೇರಿ ಮಾಲೀಕರಿಗೆ. ನಲ್ಲಿ ವಾಷರ್, ಮೋರಿ ಚೊಕ್ಕ ಮಾಡೋದು, ಸೊಳ್ಳೆ ಪರದೆ ಜಾಲರಿ ಬದಲಿಸೋದು ಬಾಡಿಗೆದಾರರಿಗೆ. ಇಲಿ, ಗೆದ್ದಲು ಹೆಸರೇ ಇಲ್ಲ. ಅದೂ ಮಾದರಿ ಅಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಬಲ.

ಹಿರಿಯರು: ಅದಕ್ಕೇ ಕರಾರಿನಲ್ಲಿ ಬರೆಸಬೇಕು ಅನ್ನೋದು. ಇನ್ನೊಂದು ಎಚ್ಚರ. ಔಷಧಿ ಹೊಡೆಸಿ ಅಂತ ಒತ್ತಾಯ ಮಾಡ್ತೀರಿ, ಅವರು ಯಾರನ್ನೋ ಕಳಿಸ್ತಾರೆ. 2022ರಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಆಗಿದ್ದು ನೆನಪಿದೆಯಾ? ಬಾಡಿಗೆದಾರರು ಊರಿಗೆ ಹೋಗಿದ್ದಾಗ ಮನೆಗೆ ಕೀಟನಾಶಕ ಹೊಡೆಸಿದ್ದರು. ಅವರು ವಾಪಸ್ ಬಂದು ಒಳಗೆ ಹೋದ ಮೇಲೆ ಎಂಟು ವರ್ಷದ ಮಗು ತೀರಿಕೊಂಡಿತು, ಅಪ್ಪ ಅಮ್ಮ ಆಸ್ಪತ್ರೆ ಸೇರಿದರು. ಗೆದ್ದಲಿಗಿಂತ ಆ ಔಷಧಿ ಭಯ ನನಗೆ.

ಟೀಚರ್: ಅದನ್ನೂ ಪತ್ರದಲ್ಲಿ ಬರೀಬೇಕು ಹಾಗಾದ್ರೆ. ಯಾವ ಔಷಧಿ, ಎಷ್ಟು ಹೊತ್ತು ಹೊರಗಿರಬೇಕು, ಸಂಪು ಮುಚ್ಚಿದ್ದಾರಾ, ಮಾಡಿದವರ ಬಿಲ್ ಎಲ್ಲಿ ಅಂತ. ನಾನೇ ಏಜೆನ್ಸಿಗೆ ದುಡ್ಡು ಕೊಟ್ಟು ಕೆಲಸ ಕೆಟ್ಟರೆ ತುಮಕೂರಿನ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ. ಮಾಲೀಕರ ಮೇಲೆ ಹೋಗೋಕಿಂತ ಅದು ಸುಲಭ ಅನ್ನಿಸುತ್ತೆ, ವಿಚಿತ್ರ.

ಹಿರಿಯರು: ಬರೆದಿರೋ ಪತ್ರ ಓದಿ ನೋಡೋಣ.

(ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ವಿಳಾಸ, ಕರಾರಿನ ದಿನಾಂಕ, ಫೋನ್ ಮಾಡಿದ ದಿನಗಳು, ಚೌಕಟ್ಟು ಮತ್ತು ಕಿಂಡಿಯ ವಿವರ, ಫೋಟೊಗಳ ಪಟ್ಟಿ. ಕೊನೆಗೆ: ‘ತಪ್ಪಿದಲ್ಲಿ ನ್ಯಾಯಾಲಯದ ಮೊರೆ ಹೋಗುವುದು ಅನಿವಾರ್ಯವಾಗುತ್ತದೆ.’)

ಹಿರಿಯರು: ಕೊನೇ ಸಾಲು ತೆಗೀರಿ. ಮೊದಲ ಪತ್ರಕ್ಕೆ ಅದು ಬೇಡ.

ಟೀಚರ್: ಆ ಸಾಲಿಲ್ಲದ್ದನ್ನ ಫೋನಿನಲ್ಲಿ ಎಷ್ಟು ಸಲ ಹೇಳಿದ್ದೀನಿ?

ಹಿರಿಯರು: ಫೋನಿನಲ್ಲಿ ಹೇಳಿದ್ದು ಬೇರೆ, ಸ್ಪೀಡ್ ಪೋಸ್ಟಿನಲ್ಲಿ ಹೋದದ್ದು ಬೇರೆ. ರಿಜಿಸ್ಟರ್ ಅಂಚೆ 2025ರಲ್ಲಿ ಅದರಲ್ಲೇ ಸೇರಿದೆ. ತಲುಪಿದ ದಾಖಲೆ ತೆಗೆದಿಟ್ಟುಕೊಳ್ಳಿ. ಕಾಗದ ಕೈಗೆ ಬಂದಾಗಲೇ ಅವರಿಗೆ ಅರ್ಥ ಆಗುತ್ತೆ. ನನಗೆ ಇಂಥ ಪತ್ರ ಬಂದ್ರೆ ಮನಸ್ಸು ಕಹಿಯಾಗುತ್ತೆ, ಸುಳ್ಳು ಯಾಕೆ ಹೇಳಲಿ.

ಟೀಚರ್: ರಿಪೇರಿ ಮಾಡಿಸ್ತೀರಾ?

ಹಿರಿಯರು: ಮಾಡಿಸ್ತೀನಿ. ಆದರೆ ಹನ್ನೊಂದು ತಿಂಗಳಾದ ಮೇಲೆ ಮತ್ತೆ ನಿಮಗೇ ಬರೆದುಕೊಡೋಕೆ ಮನಸ್ಸು ಬರಲ್ಲ.

ಟೀಚರ್: ಆ ಭಯಕ್ಕೇ ಎಲ್ಲರೂ ಸುಮ್ಮನಿರೋದು ಸರ್. ಸಾಲು ಇರಲಿ.

ಹಿರಿಯರು: ನಿಮ್ಮ ಪತ್ರ, ನಿಮ್ಮ ಇಷ್ಟ. ಗಡುವು ಎಷ್ಟು ಹಾಕಿದ್ದೀರಿ? ಎಲ್ಲಕ್ಕೂ 15 ದಿನ ಅಂತ ಬರೆದಿದ್ದೀರಲ್ಲ, ಅದು ಸಕಾಲ ಅಂತ ಯಾರೂ ಒಪ್ಪಲ್ಲ. ಕಿಂಡಿ ಮುಚ್ಚೋಕೆ ವಾರ ಸಾಕು. ಗೆದ್ದಲಿಗೆ ತಿಂಗಳು ಕೊಡಿ. ಮೂಟೆಗೂ ತಿಂಗಳು ಕೊಡಿ.

ಟೀಚರ್: ಕಿಂಡಿಗೆ ವಾರ, ಗೆದ್ದಲಿಗೆ ತಿಂಗಳು, ಸರಿ. ಮೂಟೆಗೆ 15 ದಿನವೇ.

ಹಿರಿಯರು: ಅಷ್ಟರಲ್ಲಿ ಮಾರಿದ್ರೆ ಅವರಿಗೆ ನಷ್ಟ.

ಟೀಚರ್: ಮಾರಿ ಅಂತ ಹೇಳ್ತಿಲ್ಲ. ಬೇರೆ ಕಡೆ ಸಾಗಿಸಲಿ, ಇಲ್ಲ ಹಲಗೆ ಮೇಲೆ ಎತ್ತಿಡಲಿ.

ಹಿರಿಯರು: ಹಾಗಂತ ಬರೀರಿ ಮತ್ತೆ. ಪತ್ರದಲ್ಲಿ ತೆರವುಗೊಳಿಸತಕ್ಕದ್ದು ಅಂತ ಮಾತ್ರ ಇದೆ.

(ಅವಳು ಪೆನ್ ತೆಗೆದು ಆ ಸಾಲಿನ ಮೇಲೆ ‘ಅಥವಾ ನೆಲದಿಂದ ಎತ್ತರಕ್ಕೆ, ಗೋಡೆಯಿಂದ ಬಿಡಿಸಿ ಇಡತಕ್ಕದ್ದು’ ಎಂದು ಸೇರಿಸಿದಳು. 15ನ್ನು ತಿದ್ದಲಿಲ್ಲ.)